ಬಿಳಿಗೋಟು ಇದೆ, ಬಿಳಿಗೋಟು ಇಲ್ಲ: ಪ್ರೋಗ್ರಾಮ್ ಹೆಸರು ಹಿಡಿದು ಕರೆಯುವುದು ಹೇಗೆ?

ಕಳೆದ ಸಲದ ಅಡಿಕೆ ಕೊಯ್ಲು ಮುಗಿದು ಮಾಲು ಬರತೊಡಗಿದ ಹೊತ್ತು. ಶಿರಸಿ ಸೀಮೆಯ ಒಂದು ಸಹಕಾರಿ ಸಂಘದಿಂದ ನನಗೆ ಫೋನು ಬಂತು. ಅಡಿಕೆಯ ಬಗೆಗಳಲ್ಲಿ ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಕೋಕ ಎಲ್ಲದಕ್ಕೂ ಕಂಪ್ಯೂಟರ್ ರಸೀದಿ ಕೊಡುತ್ತಿದೆ. ಬಿಳಿಗೋಟು ಎಂಬ ಬಗೆಗೆ ಮಾತ್ರ ‘ಬಿಳಿಗೋಟು ಎಂಬುದು ಇಲ್ಲ’ ಎಂದು ಹಟ ಹಿಡಿದು ನಿಲ್ಲುತ್ತಿದೆ. ದರಪಟ್ಟಿಯಲ್ಲಿ ನೋಡಿದರೆ ಬಿಳಿಗೋಟು ಇದೆ. ಪ್ರೋಗ್ರಾಮ್ ತೆರೆದು ನೋಡಿದರೆ ಅಲ್ಲೂ ಇದೆ. ಚೀಲ ಇಳಿಸಿದವರು ಜಗಲಿಯ ಮೇಲೆ ಕಾಯುತ್ತಿದ್ದಾರೆ. “ಎಂತ ಆತು ತಮಾ? ಹೆಸ್ರು ಕಣ್ಣೆದುರಿಗೇ ಇದ್ದಲೋ” ಎಂದರು ಅಲ್ಲಿನ ಕಾರ್ಯದರ್ಶಿ.

ಅದೇ ವಾರ ಕಾರವಾರದಲ್ಲಿರುವ ಅಕ್ಕನ ಮಗಳು ಬೇರೆಯೇ ಒಂದು ಪ್ರಶ್ನೆ ಇಟ್ಟಳು. “ಮಾವ, ಫೋನಿನ ಎಐಗೆ ‘ಬೆಳಿಗ್ಗೆ ಐದಕ್ಕೆ ಎಬ್ಬಿಸು’ ಅಂದ್ರೆ ಅಲಾರಂ ಇಡ್ತದಲ್ಲ, ಅದು ಬರೇ ಮಾತಾಡೋ ಯಂತ್ರ ಅಲ್ವಾ? ಮಾತು ಹೋಗಿ ಕೆಲಸ ಆಗೋದು ಎಲ್ಲಿ?”

ಎರಡು ಪ್ರಶ್ನೆಗೂ ಬೇರು ಒಂದೇ. ಪ್ರೋಗ್ರಾಮಿನೊಳಗೆ ಒಂದು ಹೆಸರು ಬರೀ ಅಕ್ಷರಗಳ ಸಾಲಾಗಿ ಬರುತ್ತದೆ. ಯಾವುದೋ ಒಂದು ಗಳಿಗೆಯಲ್ಲಿ ಆ ಅಕ್ಷರಗಳೇ ಕೆಲಸವಾಗುತ್ತವೆ. ಆ ಗಳಿಗೆಯನ್ನು ಬಿಡಿಸಿ ನೋಡುವುದಷ್ಟೇ ಈ ಲೇಖನದ ಕೆಲಸ.

ಕ್ಲಾಸ್, ಆಬ್ಜೆಕ್ಟ್, ಮೆಥಡ್

ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಸುಲಿದರೆ ಅದು ಚಾಲಿ. ‘ಚಾಲಿ ಎಂದರೆ ಹೀಗಿರುತ್ತದೆ, ಅದರ ಲೆಕ್ಕ ಹೀಗೆ ಹಾಕಬೇಕು’ ಎಂಬ ತಿಳಿವಳಿಕೆ ವ್ಯಾಪಾರಿಯ ತಲೆಯಲ್ಲಿರುತ್ತದೆ. ಪ್ರೋಗ್ರಾಮಿನಲ್ಲಿ ಅಂಥ ತಿಳಿವಳಿಕೆಯನ್ನು ಬರೆದಿಟ್ಟ ಭಾಗಕ್ಕೆ ಕ್ಲಾಸ್ ಎನ್ನುತ್ತಾರೆ. ಇವತ್ತು ಒಬ್ಬರು ತಂದು ಸುರುವಿದ ಮೂರು ಚೀಲ ಚಾಲಿ ಇದೆಯಲ್ಲ, ಆ ನಿರ್ದಿಷ್ಟ ಮಾಲು ಆಬ್ಜೆಕ್ಟ್. ಅದಕ್ಕೆ ಮಾಡಬಹುದಾದ ಒಂದೊಂದು ಕೆಲಸ, ಅಂದರೆ ಚೀಲದ ತೂಕ ಕಳೆಯುವುದು, ದರ ಕಟ್ಟುವುದು, ರಸೀದಿ ಬರೆಯುವುದು, ಇವು ಮೆಥಡ್‌ಗಳು. ಮೆಥಡನ್ನು ‘ಕರೆಯುವುದು’ ಎಂದರೆ ಆ ಕೆಲಸ ಮಾಡು ಎಂದು ಹೇಳುವುದು.

ಇನ್ನೊಂದು ಶಬ್ದ ಬೇಕು, ರನ್‌ಟೈಮ್. ಪ್ರೋಗ್ರಾಮಿಗೆ ಎರಡು ಕಾಲ. ಬರೆಯುವವನು ಕುಳಿತು ಬರೆಯುವ ಕಾಲ ಒಂದು. ಬರೆದದ್ದು ಸಂಘದ ಕೌಂಟರಿನಲ್ಲಿ ಓಡುವ ಕಾಲ ಇನ್ನೊಂದು. ಎರಡನೆಯದು ರನ್‌ಟೈಮ್.

ಬರೆಯುವಾಗಲೇ ಗೊತ್ತಿದ್ದ ಹೆಸರು, ಓಡುವಾಗ ಬಂದ ಹೆಸರು

ಸಾಮಾನ್ಯವಾಗಿ ಪ್ರೋಗ್ರಾಮರ್ ಹೀಗೆ ಬರೆಯುತ್ತಾನೆ:

ಲೆಕ್ಕ.ಚಾಲಿ(ತೂಕ)

ಮೇಲಿನ ಉದಾಹರಣೆಗಿಂತ ಇಲ್ಲಿನ ಏರ್ಪಾಡು ಬೇರೆ: ಇಲ್ಲಿ ಸಂಘದ ಲೆಕ್ಕವೇ ಆಬ್ಜೆಕ್ಟ್, ಚಾಲಿಯ ಲೆಕ್ಕ ಹಾಕುವುದು ಅದರ ಒಂದು ಮೆಥಡ್. ಲೆಕ್ಕ ಎಂಬ ಆಬ್ಜೆಕ್ಟಿನಲ್ಲಿ ಚಾಲಿ ಎಂಬ ಮೆಥಡ್ ಇದೆ, ಅದಕ್ಕೆ ತೂಕ ಕೊಟ್ಟು ಕರೆ. ಹೆಸರು ಇಲ್ಲಿ ಕಲ್ಲಿನ ಮೇಲೆ ಕೊರೆದಂತೆ. ಸಾವಿರ ಸಲ ಓಡಿಸಿದರೂ ಆ ಸಾಲು ಚಾಲಿಯನ್ನೇ ಕರೆಯುತ್ತದೆ.

ಆದರೆ ಕೌಂಟರಿಗೆ ಯಾವ ಅಡಿಕೆ ಬರುತ್ತದೆಂದು ಬರೆಯುವವನಿಗೆ ಗೊತ್ತಿಲ್ಲ. ಆಗ ಮೊದಲು ಹೊಳೆಯುವ ದಾರಿ ಮೆಟ್ಟಿಲು ಕಟ್ಟುವುದು: ಬಂದದ್ದು ಚಾಲಿಯಾದರೆ ಇದು, ರಾಶಿಯಾದರೆ ಅದು, ಬೆಟ್ಟೆಯಾದರೆ ಮತ್ತೊಂದು. ಆರು ಬಗೆಗೆ ಆರು ಮೆಟ್ಟಿಲು. ಏಳನೆಯದು ಬಂದ ದಿನ ಮತ್ತೆ ಪ್ರೋಗ್ರಾಮ್ ಬಿಚ್ಚಬೇಕು. ಆರಕ್ಕೆ ಇದೇನೂ ತಪ್ಪಲ್ಲ, ನನ್ನನ್ನು ಕೇಳಿದರೆ ಆರಕ್ಕೆ ಇದೇ ಒಳ್ಳೆಯದು. ಅರವತ್ತಾದಾಗ ಮಾತ್ರ ಸೋಲುತ್ತದೆ.

ಇನ್ನೊಂದು ದಾರಿ, ಪೈಥಾನ್ ಭಾಷೆಯಲ್ಲಿ, ಗೆಟ್‌ಆಟ್ರ್ ಎಂಬ ಸೌಲಭ್ಯ ಬಳಸಿ:

ಹೆಸರು = ದರಪಟ್ಟಿಯಿಂದ ಓದಿದ ಅಕ್ಷರಗಳು
ಗೆಟ್‌ಆಟ್ರ್(ಲೆಕ್ಕ, ಹೆಸರು)(ತೂಕ)

‘ಲೆಕ್ಕದಲ್ಲಿ ಈ ಹೆಸರಿನದು ಯಾವುದಿದೆಯೋ ಅದನ್ನು ಹುಡುಕು, ಸಿಕ್ಕರೆ ತೂಕ ಕೊಟ್ಟು ಕರೆ’ ಎಂದು ಇದರ ಅರ್ಥ. ಯಾವ ಮೆಥಡ್ ಎಂಬುದು ಈ ಎರಡು ಸಾಲಿನಲ್ಲಿ ಎಲ್ಲೂ ಬರೆದಿಲ್ಲ. ಅದು ಪಟ್ಟಿಯಿಂದ ಬರುತ್ತದೆ, ಬಂದಾಗಲಷ್ಟೇ ಗೊತ್ತಾಗುತ್ತದೆ.

ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಪ್ರಸಂಗದ ಪದ್ಯ ಮೊದಲೇ ಬರೆದದ್ದು, ಅದರಲ್ಲಿ ಕೃಷ್ಣ ಇದ್ದಾನೆ, ಕೌರವ ಇದ್ದಾನೆ. ಆ ರಾತ್ರಿ ಕೃಷ್ಣನ ಅರ್ಥ ಹೇಳುವವರು ಯಾರು ಎಂಬುದು ಪ್ರಸಂಗಪುಸ್ತಕದಲ್ಲಿಲ್ಲ, ಸಂಘಟಕರ ಜೇಬಿನ ಚೀಟಿಯಲ್ಲಿದೆ. ಭಾಗವತರು ಕೃಷ್ಣನ ಪದ್ಯ ಎತ್ತುತ್ತಾರೆ. ಚೀಟಿಯ ಪ್ರಕಾರ ಯಾರು ಕುಳಿತಿದ್ದಾರೋ ಅವರು ಮಾತು ಶುರು ಮಾಡುತ್ತಾರೆ. ಪುಸ್ತಕ ಬದಲಿಸದೆ ಅರ್ಥಧಾರಿಯನ್ನು ಬದಲಿಸಬಹುದು. ಚೀಟಿಯಲ್ಲಿದ್ದವರು ಕೊನೆಯ ಬಸ್ಸು ತಪ್ಪಿಸಿಕೊಂಡಿದ್ದರೆ ಪುಸ್ತಕಕ್ಕೆ ಅದು ತಿಳಿಯುವುದಿಲ್ಲ ಎಂಬುದೂ ನಿಜ. ಆ ಮಾತಿಗೆ ಆಮೇಲೆ ಬರೋಣ.

ಒಳಗೆ ನಡೆಯುವುದೇನು?

ಎಲ್ಲ ಭಾಷೆಗಳೂ ಹೆಸರನ್ನು ಒಂದೇ ರೀತಿ ಇಟ್ಟುಕೊಳ್ಳುವುದಿಲ್ಲ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಕಂಪೈಲರ್ ಯಂತ್ರದ ಭಾಷೆಗೆ ಇಳಿಸುವಾಗ ಕರೆಗಳೆಲ್ಲ ‘ನೆನಪಿನ ಇಂಥ ಜಾಗಕ್ಕೆ ಜಿಗಿ’ ಎಂಬ ಆಜ್ಞೆಗಳಾಗುತ್ತವೆ. ಕರೆಯುವುದಕ್ಕೆ ಆಮೇಲೆ ಹೆಸರು ಬೇಕಾಗುವುದಿಲ್ಲ; ಹೆಚ್ಚಿನ ಹೆಸರುಗಳನ್ನು ಒರೆಸಿಹಾಕಿದರೂ ಪ್ರೋಗ್ರಾಮ್ ಓಡುತ್ತದೆ. ಜಾವಾದಲ್ಲಿ ಕಂಪೈಲ್ ಆದ ಕಡತದೊಳಗೂ ಕ್ಲಾಸ್ ಮತ್ತು ಮೆಥಡ್‌ಗಳ ಹೆಸರು ಅಕ್ಷರರೂಪದಲ್ಲೇ ಉಳಿಯುತ್ತವೆ. ಪೈಥಾನಿನಲ್ಲಂತೂ ಪ್ರತಿ ಕ್ಲಾಸಿಗೂ ಒಂದು ನಿಘಂಟು ಇದೆ ಎಂದೇ ಹೇಳಬಹುದು: ಎಡಗಡೆ ಹೆಸರು, ಬಲಗಡೆ ಆ ಕೆಲಸ. ಚುಕ್ಕೆ ಹಾಕಿ ನೇರವಾಗಿ ಬರೆದ ‘ಲೆಕ್ಕ.ಚಾಲಿ’ ಕೂಡ ಓಡುವಾಗ ಅದೇ ನಿಘಂಟನ್ನು ತೆರೆದು ನೋಡುತ್ತದೆ. ಎರಡಕ್ಕೂ ವ್ಯತ್ಯಾಸ ಇಷ್ಟೆ: ಒಂದರಲ್ಲಿ ಹುಡುಕಬೇಕಾದ ಹೆಸರು ಪ್ರೋಗ್ರಾಮಿನ ಪಠ್ಯದಲ್ಲೇ ಇದೆ, ಇನ್ನೊಂದರಲ್ಲಿ ಹೊರಗಿನಿಂದ ಬರುತ್ತದೆ.

ಪ್ರೋಗ್ರಾಮ್ ತನ್ನೊಳಗೆ ಯಾವ ಕ್ಲಾಸ್ ಇದೆ, ಅದರಲ್ಲಿ ಯಾವ ಮೆಥಡ್ ಇದೆ ಎಂದು ತಾನೇ ನೋಡಿಕೊಳ್ಳುವ ಈ ಸಾಮರ್ಥ್ಯಕ್ಕೆ ರಿಫ್ಲೆಕ್ಷನ್ ಎಂದು ಹೆಸರು, ಕನ್ನಡಿಯಲ್ಲಿ ಮುಖ ನೋಡಿಕೊಂಡ ಹಾಗೆ. ಲಿಸ್ಪ್, ಸ್ಮಾಲ್‌ಟಾಕ್ ಎಂಬ ಹಳೆಯ ಭಾಷೆಗಳ ಕಾಲದಿಂದಲೂ ಹೆಸರು ಕೊಟ್ಟು ಕರೆಯುವ ಪದ್ಧತಿ ಇದೆ. 1982ರಲ್ಲಿ ಬ್ರಯಾನ್ ಕ್ಯಾಂಟ್‌ವೆಲ್ ಸ್ಮಿತ್ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ ರಿಫ್ಲೆಕ್ಷನ್ ಎಂಬ ಕಲ್ಪನೆಯನ್ನು ಪ್ರೋಗ್ರಾಮಿಂಗ್ ಭಾಷೆಗಳಿಗೆ ತಂದಿತು. ಜಾವಾಕ್ಕೆ ಅದು 1997ರ 1.1 ಆವೃತ್ತಿಯಲ್ಲಿ ಬಂತು.

ಊರು, ಕೇರಿ, ಮನೆ

ಹೆಸರಿನಿಂದ ಹುಡುಕುವಾಗ ಒಂದು ಹಳೆಯ ತೊಡಕಿದೆ. ನಮ್ಮ ಕಡೆ ಯಾವ ಊರಿಗೆ ಹೋಗಿ ‘ಗಣಪತಿ ಇದ್ನಾ’ ಎಂದು ಕೇಳಿದರೂ ‘ಯಾವ ಗಣಪತಿ’ ಎಂದೇ ಉತ್ತರ. ಮೇಲಿನಮನೆ ಗಣಪತಿಯೋ, ಆಚೆಮನೆ ಗಣಪತಿಯೋ ಹೇಳಬೇಕು. ಅಂಚೆಯವರಿಗಾದರೆ ಊರು, ತಾಲೂಕು ಬೇರೆ ಬೇಕು.

ಜಾವಾದಲ್ಲಿ ಡ್ರೈವರ್ ಎಂಬ ಹೆಸರಿನ ಕ್ಲಾಸ್ ಬೇಕಾದಷ್ಟಿವೆ; ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಕ್ಲಾಸಿಗೆ ಹಲವು ಡೇಟಾಬೇಸಿನವರು ಅದೇ ಹೆಸರಿಟ್ಟಿದ್ದಾರೆ. ಹಾಗಾಗಿ ಪೂರ್ತಿ ವಿಳಾಸ ಕೊಡಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನದು ಬಹುಕಾಲ ಹೀಗಿತ್ತು: ಕಾಮ್ ಡಾಟ್ ಮೈಎಸ್‌ಕ್ಯೂಎಲ್ ಡಾಟ್ ಜೆಡಿಬಿಸಿ ಡಾಟ್ ಡ್ರೈವರ್. ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ, ಜಿಲ್ಲೆ ಮೊದಲು, ಮನೆ ಕೊನೆಗೆ. ಎಷ್ಟೋ ವರ್ಷ ಜಾವಾ ಕಲಿಯುವವರು ಡೇಟಾಬೇಸ್ ಪಾಠದಲ್ಲಿ ಮೊದಲು ಬಾಯಿಪಾಠ ಮಾಡುತ್ತಿದ್ದ ಸಾಲು ಇದೇ: ಕ್ಲಾಸ್ ಡಾಟ್ ಫಾರ್‌ನೇಮ್ ಎಂದು ಬರೆದು ಆವರಣದಲ್ಲಿ ಈ ಉದ್ದ ವಿಳಾಸ. ಅರ್ಥ ಗೊತ್ತಿಲ್ಲದೆ ಮಂತ್ರ ಹೇಳಿದಂತೆ ನಾನೂ ಬರೆದಿದ್ದೇನೆ. ಆ ಸಾಲು ಮಾಡುತ್ತಿದ್ದದ್ದು ಹೆಸರಿನಿಂದ ಕ್ಲಾಸನ್ನು ಹುಡುಕಿ ತಂದು ಸಿದ್ಧವಾಗಿಡುವ ಕೆಲಸ. 2006ರ ಜಾವಾ 6ರಿಂದ ಡ್ರೈವರುಗಳು ತಾವಾಗಿಯೇ ಸಿಗುವ ವ್ಯವಸ್ಥೆ ಬಂದು ಮಂತ್ರದ ಅಗತ್ಯ ತಪ್ಪಿತು.

ಇಷ್ಟೆಲ್ಲ ಯಾಕೆ?

ಬರೆಯುವವನಿಗೆ ಗೊತ್ತೇ ಇಲ್ಲದ ಕೋಡನ್ನು ಓಡಿಸಬೇಕಾದ ಸಂದರ್ಭ ಬಹಳ ಇವೆ. ನಿಮ್ಮ ಆಂಡ್ರಾಯ್ಡ್ ಫೋನನ್ನೇ ತೆಗೆದುಕೊಳ್ಳಿ. ಆಂಡ್ರಾಯ್ಡ್ ಬರೆದವರಿಗೆ ನೀವು ನಾಳೆ ಹಾಕಿಕೊಳ್ಳುವ ಆಪ್ ಯಾವುದೆಂದು ತಿಳಿದಿರಲು ಸಾಧ್ಯವಿಲ್ಲ. ಪ್ರತಿ ಆಪಿನ ಜೊತೆ ಮ್ಯಾನಿಫೆಸ್ಟ್ ಎಂಬ ಒಂದು ಕಡತ ಬರುತ್ತದೆ, ಅದರಲ್ಲಿ ‘ನನ್ನ ಚಿತ್ರ ಒತ್ತಿದರೆ ಈ ಹೆಸರಿನ ಕ್ಲಾಸಿನಿಂದ ಶುರು ಮಾಡು’ ಎಂದು ಬರೆದಿರುತ್ತದೆ. ನೀವು ಒತ್ತಿದಾಗ ಫೋನು ಆ ಹೆಸರನ್ನು ಓದಿ, ಕ್ಲಾಸನ್ನು ಹುಡುಕಿ, ಅದರಿಂದ ಆಬ್ಜೆಕ್ಟ್ ಮಾಡಿ ಓಡಿಸುತ್ತದೆ. ಬಂಗಡೆಯ ದರ ತೋರಿಸುವ ಆಪಾದರೂ ಅಷ್ಟೆ, ಬ್ಯಾಂಕಿನ ಆಪಾದರೂ ಅಷ್ಟೆ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ, ಯಾಕೆಂದರೆ ಕೆಲವೇ ಸಾಲಿನದು. ಪೈಥಾನ್ ಜೊತೆಗೇ ಒಂದು ಪುಟ್ಟ ವೆಬ್ ಸರ್ವರ್ ಬರುತ್ತದೆ. ಬ್ರೌಸರ್ ಪುಟ ಕೇಳುವಾಗ ಕಳಿಸುವ ಮೊದಲ ಶಬ್ದ ‘ಗೆಟ್’. ಫಾರಂ ತುಂಬಿ ಕಳಿಸುವಾಗ ಸಾಮಾನ್ಯವಾಗಿ ‘ಪೋಸ್ಟ್’. ಸರ್ವರ್ ಆ ಶಬ್ದದ ಹಿಂದೆ ‘ಡೂ’ ಎಂಬುದನ್ನೂ ಒಂದು ಅಡಿಗೆರೆಯನ್ನೂ ಅಂಟಿಸಿ ‘ಡೂ_ಗೆಟ್’ ಎಂಬ ಹೆಸರು ಮಾಡುತ್ತದೆ. ಆ ಹೆಸರಿನ ಮೆಥಡ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಕರೆಯುತ್ತದೆ, ಇಲ್ಲದಿದ್ದರೆ 501 ಎಂಬ ಸಂಖ್ಯೆ ಕೊಟ್ಟು ‘ಇದು ನನಗೆ ಬಾರದು’ ಎಂದು ವಾಪಸು ಕಳಿಸುತ್ತದೆ. ಹೊಸ ಬಗೆಯ ಕೋರಿಕೆಗೆ ಉತ್ತರಿಸಬೇಕೆಂದರೆ ಆ ಹೆಸರಿನ ಒಂದು ಮೆಥಡ್ ಬರೆದಿಟ್ಟರಾಯಿತು. ಬೇರೆಲ್ಲೂ ನೋಂದಾಯಿಸಬೇಕಿಲ್ಲ.

ಆ ‘ಡೂ’ ಸುಮ್ಮನೆ ಶೃಂಗಾರಕ್ಕಿಲ್ಲ. ಅದೊಂದು ಬೇಲಿ.

ಹೆಸರು ಕೊಡುವವರು ಯಾರು?

ಸಂಘದ ‘ಲೆಕ್ಕ’ ಎಂಬ ಆಬ್ಜೆಕ್ಟಿನಲ್ಲಿ ಚಾಲಿ, ರಾಶಿ ಮಾತ್ರವಲ್ಲ, ‘ವರ್ಷದ_ಖಾತೆ_ಅಳಿಸು’ ಎಂಬ ಮೆಥಡೂ ಇದೆ ಎಂದುಕೊಳ್ಳಿ. ಹೆಸರು ಸಂಘದೊಳಗಿನ ದರಪಟ್ಟಿಯಿಂದ ಬರುತ್ತಿರುವ ತನಕ ಚಿಂತೆಯಿಲ್ಲ. ನಾಳೆ ಇದೇ ಪ್ರೋಗ್ರಾಮಿಗೆ ವೆಬ್‌ಸೈಟ್ ಕಟ್ಟಿ, ಅಡಿಕೆಯ ಬಗೆಯನ್ನು ಹೊರಗಿನವರೇ ಟೈಪಿಸಲಿ ಎಂದು ಬಿಟ್ಟರೆ? ಯಾರೋ ಕಿಡಿಗೇಡಿ ಚಾಲಿ ಎನ್ನುವ ಜಾಗದಲ್ಲಿ ಆ ಹೆಸರನ್ನು ಬರೆಯುತ್ತಾನೆ. ಪ್ರೋಗ್ರಾಮಿಗೆ ಅದೂ ಒಂದು ಹೆಸರೇ. ಹುಡುಕುತ್ತದೆ, ಸಿಗುತ್ತದೆ, ಕರೆಯುತ್ತದೆ.

‘ಡೂ’ ಎಂಬ ಬೇಲಿ ತಡೆಯುವುದು ಇದನ್ನೇ. ಹೊರಗಿನವರು ಏನೇ ಬರೆದರೂ ಅದರ ಹಿಂದೆ ‘ಡೂ_’ ಅಂಟಿಕೊಳ್ಳುವುದರಿಂದ, ಹಾಗೆ ಶುರುವಾಗದ ಮೆಥಡ್‌ಗಳ ಹತ್ತಿರ ಅವರು ಸುಳಿಯಲಾರರು. ಇನ್ನೂ ಗಟ್ಟಿ ದಾರಿಯೆಂದರೆ ಕರೆಯಬಹುದಾದವುಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟು, ಬಂದ ಹೆಸರು ಅದರಲ್ಲಿದ್ದರೆ ಮಾತ್ರ ಮುಂದೆ ಬಿಡುವುದು. ಮದುವೆಮನೆಯ ಅಡುಗೆಕೋಣೆಗೆ ಯಾರು ಹೋಗಬಹುದೆಂದು ಬಾಗಿಲಲ್ಲಿ ನಿಂತವರಿಗೆ ಗೊತ್ತಿರುವಂತೆ. ರೂಬಿ ಭಾಷೆಯಲ್ಲಿ ಹೆಸರಿನಿಂದ ಕರೆಯಲು ಎರಡು ಸೌಲಭ್ಯ ಇವೆ: ‘ಸೆಂಡ್’ ಒಳಗಿನ ಬಳಕೆಗೆಂದೇ ಇಟ್ಟ ಖಾಸಗಿ ಮೆಥಡನ್ನೂ ಕರೆಯುತ್ತದೆ, ‘ಪಬ್ಲಿಕ್ ಸೆಂಡ್’ ಕರೆಯುವುದಿಲ್ಲ. ಹೊರಗಿನ ಹೆಸರಿಗೆ ಎರಡನೆಯದೇ ಬೇಕು.

ಇವಾಲ್ ಎಂಬ ಇನ್ನೊಂದು ಸೌಲಭ್ಯವನ್ನು ಇದರೊಂದಿಗೆ ಬೆರೆಸಬಾರದು. ಗೆಟ್‌ಆಟ್ರ್ ಒಂದು ಹೆಸರನ್ನು ಹುಡುಕುತ್ತದೆ, ಅಷ್ಟೆ. ಇವಾಲ್ ಕೊಟ್ಟ ಅಕ್ಷರಗಳನ್ನು ಇಡಿಯಾಗಿ ಪ್ರೋಗ್ರಾಮೆಂದೇ ತಿಳಿದು ಓಡಿಸುತ್ತದೆ. ಮೊದಲನೆಯದು ಮನೆಯವರಲ್ಲಿ ಒಬ್ಬರನ್ನು ಕರೆಯಲು ಬಿಟ್ಟಂತೆ. ಎರಡನೆಯದು ಮನೆಯ ಕೀಲಿಕೈ ಕೊಟ್ಟಂತೆ.

ಹೊರಗಿನ ಅಕ್ಷರ ಕೆಲಸವಾದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2021ರ ಡಿಸೆಂಬರ್ ಸಾಕ್ಷಿ. ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ (ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಸಿದ್ಧ ಕೋಡಿನ) ಕೆಲಸ ಬಹಳ ಸಾಧುವಾದದ್ದು: ಪ್ರೋಗ್ರಾಮಿನ ದಿನಚರಿ ಬರೆದಿಡುವುದು. ಆದರೆ ಬರೆಯಬೇಕಾದ ಸಾಲಿನಲ್ಲಿ ಒಂದು ವಿಶೇಷ ಗುರುತು ಕಂಡರೆ ಅದನ್ನು ಸುಮ್ಮನೆ ಬರೆಯದೆ, ಅದರಲ್ಲಿರುವ ಹೆಸರನ್ನು ಹುಡುಕಿಕೊಂಡು ಹೋಗುತ್ತಿತ್ತು. ಆ ಹೆಸರು ದಾಳಿಕೋರನ ಸರ್ವರಿನ ವಿಳಾಸವಾಗಿದ್ದರೆ, ಅಲ್ಲಿಂದ ಕ್ಲಾಸನ್ನು ತಂದು ಇಲ್ಲಿ ಓಡಿಸಲು ದಾರಿಯಾಗುತ್ತಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟಿನಲ್ಲಿ ಒಂದು ಸಾಲು ಬರೆದರೆ ಸಾಕು ಎಂದಾಗ ಸುದ್ದಿ ಹಬ್ಬಿತು. ಲಾಗ್‌ಫೋರ್‌ಶೆಲ್ ಎಂದು ಕರೆಸಿಕೊಂಡ ಈ ದೋಷಕ್ಕೆ ತೀವ್ರತೆಯ ಅಳತೆಯಲ್ಲಿ 10ಕ್ಕೆ 10 ಅಂಕ ಬಿತ್ತು.

ಎಐ ಅಲಾರಂ ಇಡುವುದು ಹೇಗೆ?

ಅಕ್ಕನ ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎಐಯ ಒಳಗಿದ್ದು ಮಾತು ಹೆಣೆಯುವ ಭಾಗಕ್ಕೆ ಭಾಷಾ ಮಾದರಿ ಎನ್ನುತ್ತಾರೆ. ಅದಕ್ಕೆ ಅಲಾರಂ ಇಡಲು ಕೈಯಿಲ್ಲ. ಅದಕ್ಕೆ ಬರುವುದು ಅಕ್ಷರ ಹೊರಡಿಸುವುದೊಂದೇ. ಆದ್ದರಿಂದ ಆಪ್ ಬರೆದವರು ಮಾದರಿಗೆ ಮೊದಲೇ ಒಂದು ಪಟ್ಟಿ ಕೊಟ್ಟಿರುತ್ತಾರೆ: ‘ಅಲಾರಂ_ಇಡು’ ಎಂಬ ಕೆಲಸವಿದೆ, ಅದಕ್ಕೆ ಸಮಯ ಬೇಕು, ‘ಸಂದೇಶ_ಕಳಿಸು’ ಎಂಬುದಿದೆ, ಅದಕ್ಕೆ ಯಾರಿಗೆ, ಏನು ಎಂಬುದು ಬೇಕು. ನೀವು ‘ಐದಕ್ಕೆ ಎಬ್ಬಿಸು’ ಎಂದಾಗ ಮಾದರಿ ಪಟ್ಟಿಯಿಂದ ಒಂದು ಹೆಸರನ್ನು ಆರಿಸಿ, ‘ಅಲಾರಂ_ಇಡು, ಸಮಯ 5:00’ ಎಂದು ಒಂದು ಕ್ರಮದಲ್ಲಿ ಬರೆದುಕೊಡುತ್ತದೆ. ಅಲ್ಲಿಗೆ ಅದರ ಪಾತ್ರ ಮುಗಿಯಿತು. ಆ ಬರಹವನ್ನು ಓದಿ, ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ, ನಿಜವಾದ ಮೆಥಡನ್ನು ಕರೆಯುವುದು ಮಾಮೂಲಿ ಪ್ರೋಗ್ರಾಮ್. ಓಪನ್‌ಎಐ 2023ರ ಜೂನ್‌ನಲ್ಲಿ ಇದನ್ನು ‘ಫಂಕ್ಷನ್ ಕಾಲಿಂಗ್’ ಎಂಬ ಹೆಸರಿನಲ್ಲಿ ಪ್ರೋಗ್ರಾಮರುಗಳಿಗೆ ಕೊಟ್ಟಿತು. ಈಗ ಟೂಲ್ ಕಾಲಿಂಗ್ ಎಂಬ ಮಾತೇ ಹೆಚ್ಚು ಬಳಕೆ.

ಮಾದರಿ ಒಮ್ಮೊಮ್ಮೆ ಪಟ್ಟಿಯಲ್ಲೇ ಇಲ್ಲದ ಹೆಸರನ್ನೂ ಗಂಭೀರವಾಗಿ ಬರೆದುಕೊಡುತ್ತದೆ. ಹಾಗಾಗಿ ಬಾಗಿಲ ಬಳಿ ನಿಂತು ಪಟ್ಟಿ ನೋಡುವವನ ಕೆಲಸ ಇಲ್ಲೂ ತಪ್ಪಿದ್ದಲ್ಲ. “ಅಂದ್ರೆ ಅದು ಚೀಟಿ ಬರೆಯೋದು ಅಷ್ಟೇ, ಓಡೋದು ಬೇರೆಯವ್ರು” ಎಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಾಗುತ್ತಿರಲಿಲ್ಲ.

ತಪ್ಪು ಗೊತ್ತಾಗುವುದು ತಡವಾಗಿ

ಕೊನೆಯ ಬಸ್ಸು ತಪ್ಪಿಸಿಕೊಂಡ ಅರ್ಥಧಾರಿಯ ಮಾತು ಬಾಕಿಯಿತ್ತು. ಜಾವಾದಲ್ಲಿ ನೇರವಾಗಿ ಬರೆದ ಕರೆಯಲ್ಲಿ ಕಾಗುಣಿತ ತಪ್ಪಿದ್ದರೆ ಕಂಪೈಲರ್ ಅಂದೇ ತಡೆಯುತ್ತದೆ, ಪ್ರೋಗ್ರಾಮ್ ಸಿದ್ಧವೇ ಆಗುವುದಿಲ್ಲ. ಹೆಸರು ಉದ್ಧರಣ ಚಿಹ್ನೆಯೊಳಗೆ ಅಕ್ಷರವಾಗಿದ್ದರೆ ಕಂಪೈಲರ್ ಅದನ್ನು ಓದಿ ಪರೀಕ್ಷಿಸುವುದಿಲ್ಲ. ತಪ್ಪು ಹೊರಬೀಳುವುದು ಓಡುವಾಗ, ಆ ಸಾಲು ಮುಟ್ಟಿದಾಗ. ‘ಕ್ಲಾಸ್ ನಾಟ್ ಫೌಂಡ್’, ‘ನೋ ಸಚ್ ಮೆಥಡ್’ ಎಂಬ ದೂರುಗಳು ಹುಟ್ಟುವುದು ಹೀಗೆ. ವರ್ಷಕ್ಕೊಮ್ಮೆ ಓಡುವ ಸಾಲಾದರೆ ವರ್ಷದ ಮೇಲೆ ಗೊತ್ತಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ‘ಈ ಮೆಥಡನ್ನು ಎಲ್ಲಿಂದ ಕರೆಯುತ್ತಿದ್ದೇವೆ’ ಎಂದು ಎಡಿಟರನ್ನು, ಅಂದರೆ ಪ್ರೋಗ್ರಾಮ್ ಬರೆಯಲು ಬಳಸುವ ತಂತ್ರಾಂಶವನ್ನು, ಕೇಳಿದರೆ ಅದು ನೇರ ಕರೆಗಳನ್ನು ತೋರಿಸುತ್ತದೆ. ಪಟ್ಟಿಯಿಂದ ಬರುವ ಹೆಸರು ಅದಕ್ಕೆ ಕಾಣುವುದಿಲ್ಲ. ‘ಯಾರೂ ಕರೆಯುತ್ತಿಲ್ಲ’ ಎಂದುಕೊಂಡು ಸ್ವಚ್ಛ ಮಾಡಲು ಹೊರಟವರು ಅಳಿಸುತ್ತಾರೆ. ಯಂತ್ರಗಳೂ ಇದೇ ಮಾಡುತ್ತವೆ: ಆಂಡ್ರಾಯ್ಡ್ ಆಪಿನ ಗಾತ್ರ ಇಳಿಸಲು ಬಳಸುವ ಆರ್8 ಎಂಬ ಸಲಕರಣೆ, ಬಳಕೆಯಲ್ಲಿಲ್ಲ ಎಂದು ತೋರಿದ್ದನ್ನು ತೆಗೆದುಹಾಕಿ ಉಳಿದವುಗಳ ಉದ್ದ ಹೆಸರನ್ನು ಒಂದೆರಡಕ್ಷರಕ್ಕೆ ಮೊಟಕು ಮಾಡುತ್ತದೆ. ಹೆಸರಿನಿಂದ ಕರೆಯುವವುಗಳನ್ನು ಮುಟ್ಟಬೇಡ ಎಂದು ಅದಕ್ಕೆ ಪ್ರತ್ಯೇಕವಾಗಿ ಬರೆದುಕೊಡಬೇಕು. ವೇಗದ ನಷ್ಟವೂ ಸ್ವಲ್ಪ ಇದೆ, ಆದರೆ ರಸೀದಿ ಬರೆಯುವ ಪ್ರೋಗ್ರಾಮಿನಲ್ಲಿ ಅದು ಯಾರ ಗಮನಕ್ಕೂ ಬರುವಷ್ಟಲ್ಲ.

ಬಿಳಿಗೋಟಿಗೆ ಏನಾಗಿತ್ತು?

ಸಂಘದ ಪ್ರೋಗ್ರಾಮನ್ನು ಹಿಂದೆ ಬರೆದವನು ಉತ್ಸಾಹಿ. ಮೆಥಡ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟಿದ್ದ. 2008ರಲ್ಲಿ ಬಂದ ಪೈಥಾನ್ 3ರಿಂದ ಇದಕ್ಕೆ ಅವಕಾಶವಿದೆ. ದರಪಟ್ಟಿಯಿಂದ ಹೆಸರು ಓದಿ, ಗೆಟ್‌ಆಟ್ರ್‌ಗೆ ಕೊಟ್ಟು ಕರೆಯುತ್ತಿದ್ದ.

ನಾನು ಎರಡೂ ಕಡೆಯ ‘ಬಿಳಿಗೋಟು’ವನ್ನು ಅಕ್ಷರಶಃ ಎಣಿಸಿದೆ. ಕಂಪ್ಯೂಟರಿನಲ್ಲಿ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ. ಪ್ರೋಗ್ರಾಮಿನಲ್ಲಿದ್ದದ್ದಕ್ಕೆ 8 ಯೂನಿಕೋಡ್ ಸಂಕೇತ. ದರಪಟ್ಟಿಯಲ್ಲಿದ್ದದ್ದಕ್ಕೆ 10. ವ್ಯತ್ಯಾಸ ಇದ್ದದ್ದು ‘ಗೋ’ದಲ್ಲಿ. ಓಕಾರದ ಗುಣಿತವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ‘ಗೋ’. ಹೋಲಿಸುವ ಯಂತ್ರಕ್ಕೆ ಎರಡು ಬೇರೆ ಬೇರೆ ಸಾಲು.

ಕೆಂಪುಗೋಟಿನಲ್ಲೂ ಕೋಕದಲ್ಲೂ ಅದೇ ಓಕಾರ ಇದೆಯಲ್ಲ, ಅವು ಹೇಗೆ ಸರಿಯಿದ್ದವು? ವಿಚಾರಿಸಿದಾಗ ತಿಳಿಯಿತು: ಉಳಿದ ಹೆಸರುಗಳನ್ನು ಕಾರಕೂನರು ಕೈಯಲ್ಲೇ ಟೈಪಿಸಿದ್ದರು, ಬಿಳಿಗೋಟಿನ ಸಾಲೊಂದನ್ನು ಮಾತ್ರ ಹಳೆಯ ಅಕ್ಷರಶೈಲಿಯಿಂದ ಯೂನಿಕೋಡಿಗೆ ಪರಿವರ್ತಿಸಿದ ಒಂದು ಕಡತದಿಂದ ಎತ್ತಿ ಅಂಟಿಸಿದ್ದರು.

ಇಲ್ಲೊಂದು ಬಲೆ ಇದೆ, ಅದೇ ನನ್ನ ಅರ್ಧ ದಿನ ತಿಂದದ್ದು. ಪ್ರೋಗ್ರಾಮಿನೊಳಗೆ ನೇರವಾಗಿ ಬರೆದ ಹೆಸರಾದರೆ ಪೈಥಾನ್ ತಾನೇ ಈ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ನಾನು ಪಟ್ಟಿಯಿಂದ ಆ ಹೆಸರನ್ನೇ ಎತ್ತಿ ಚುಕ್ಕೆಯ ಮುಂದೆ ಅಂಟಿಸಿ ಓಡಿಸಿದೆ, ಓಡಿತು! ಆದರೆ ಗೆಟ್‌ಆಟ್ರ್‌ಗೆ ಕೊಟ್ಟ ಅಕ್ಷರಗಳಿಗೆ ಪೈಥಾನ್ ಆ ಉಪಚಾರ ಮಾಡುವುದಿಲ್ಲ, ಬಂದದ್ದನ್ನು ಬಂದ ಹಾಗೆಯೇ ಹುಡುಕುತ್ತದೆ. ಹೆಸರು ಪಠ್ಯದಲ್ಲಿರುವುದಕ್ಕೂ ಹೊರಗಿನಿಂದ ಬರುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಪರಿಹಾರ ಒಂದು ಸಾಲಿನದು. ಪಟ್ಟಿಯಿಂದ ಹೆಸರು ಒಳಗೆ ಬರುವ ಬಾಗಿಲಲ್ಲೇ ನಾರ್ಮಲೈಸೇಶನ್ ಎಂಬ ಕ್ರಿಯೆಯಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು. ಕಣ್ಣಿಗೆ ಕಾಣದೆ ಅಕ್ಷರಗಳ ನಡುವೆ ಕೂರುವ ಶೂನ್ಯ ಅಗಲದ ಸಂಕೇತಗಳು ಅದರಿಂದ ಹೋಗುವುದಿಲ್ಲ, ಅವನ್ನು ಬೇರೆಯಾಗಿ ಹೆಕ್ಕಿ ತೆಗೆಯಬೇಕು. ಅದಕ್ಕೆ ಇನ್ನೊಂದು ಸಾಲು. ಆಮೇಲೆ ಕರೆಯಬಹುದಾದ ಆರು ಹೆಸರುಗಳ ಪಟ್ಟಿ.

ಆದರೆ ಇದನ್ನು ಕಂಡುಹಿಡಿಯುವ ಮೊದಲು, ಕಾರಕೂನರಿಗೆ ಅನುಕೂಲವಾಗಲೆಂದು ನಾನೊಂದು ಜಾಣತನ ಮಾಡಿದ್ದೆ: ಹೆಸರು ಸಿಗದಿದ್ದರೆ ಅದಕ್ಕೆ ಹತ್ತಿರದ ಹೆಸರನ್ನು ಸೂಚಿಸು ಎಂದು ಬರೆದಿದ್ದೆ. ಅದು ಕೊಟ್ಟ ಉತ್ತರವನ್ನು ಕಾರ್ಯದರ್ಶಿಯವರು ಪ್ರಿಂಟ್ ತೆಗೆದು ತೂಕದ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದಾರೆ, ಈಗಲೂ ಇದೆ: ‘ಬಿಳಿಗೋಟು ಸಿಗಲಿಲ್ಲ. ನೀವು ಹೇಳಿದ್ದು ಬಿಳಿಗೋಟು ಎಂದೇ?’